ಹಿಟ್ಟಿನ ಮಿಲ್ಲಿನ ಮೂಕ ಧಾರಾವಾಹಿ

ಟಿವಿಯಲ್ಲಿ ಏನು ನೋಡುತ್ತೀರಿ ಎಂದು ಯಾವ ಗಂಡಸನ್ನಾದರೂ ಕೇಳಿ ನೋಡಿ, ‘ನ್ಯೂಸ್ ಒಂದು ಬಿಟ್ಟರೆ ಬೇರೇನೂ ನೋಡಲ್ಲ’ ಎನ್ನುತ್ತಾನೆ. ಸ್ವಲ್ಪ ಧೈರ್ಯವಿದ್ದವನು ಅದರ ಜೊತೆಗೆ ಕ್ರಿಕೆಟ್ಟನ್ನೂ ಸೇರಿಸುತ್ತಾನೆ. ಹಾಗಾದರೆ ಧಾರಾವಾಹಿಯ ನಾದಿನಿ ಹಾಲಿಗೆ ಏನು ಬೆರೆಸಿದಳು ಎನ್ನುವುದು ನಿಮಗೆ ಹೇಗೆ ಗೊತ್ತಾಯಿತು ಎಂದರೆ, ‘ಮನೆ ಹೆಂಗಸರು ಹಾಕಿರ್ತಾರೆ, ಊಟಕ್ಕೆ ಕೂತಾಗ ಕಿವಿಗೆ ಬೀಳುತ್ತೆ’ ಎಂದು ಜಾರಿಕೊಳ್ಳುತ್ತಾನೆ. ನನಗೆ ಆ ನೆಪವೂ ಇಲ್ಲ. ನಾನು ಧಾರಾವಾಹಿಗಳ ಅಪ್ಪಟ ಭಕ್ತ. ತಮಿಳಿನದಾದರೂ ಸರಿ, ಕನ್ನಡದ್ದಾದರೂ ಸರಿ, ಸೊಸೆ ಅಳುತ್ತಿದ್ದರೆ ಸಾಕು, ನಿಂತು ನೋಡುತ್ತೇನೆ. ಆದರೆ ಕಿವಿಗೆ ಬೀಳುತ್ತೆ ಎಂದು ಮಾತ್ರ ನಾನು ಹೇಳುವಂತಿರಲಿಲ್ಲ. ಏಕೆಂದರೆ ಮೊನ್ನೆ ಮೊನ್ನೆಯವರೆಗೆ ನಾನು ಮೆಚ್ಚಿದ ಯಾವ ಧಾರಾವಾಹಿಯ ಒಂದು ಮಾತೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ತಮಿಳುನಾಡಿಗೆ ಸೇರಿದರೂ ಕನ್ನಡವನ್ನೇ ಆಡುವ ನಮ್ಮ ತಾಳವಾಡಿಯ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲಿದೆ. ಕೂಗಳತೆ ಎಂದು ಮಾತಿಗೆ ಹೇಳಿದೆ ಅಷ್ಟೆ. ಮಿಲ್ಲಿನೊಳಗೆ ನಿಂತು ಕೂಗಿದರೆ ಪಕ್ಕದಲ್ಲಿರುವವನಿಗೂ ಕೇಳಿಸುವುದಿಲ್ಲ. ಒಂದು ಮೂಲೆಯಲ್ಲಿ ರಾಗಿ ಬೀಸುವ ಯಂತ್ರ, ಇನ್ನೊಂದು ಮೂಲೆಯಲ್ಲಿ ಮೆಣಸಿನಕಾಯಿ ಪುಡಿ ಮಾಡುವುದು. ಎರಡೂ ಒಟ್ಟಿಗೆ ಶುರುವಾದರೆ ಗೋಡೆಯ ಮೇಲಿನ ದೇವರ ಪಟವೂ ನಡುಗುತ್ತದೆ. ಮನೆಗೆ ಹೊಸ ಟಿವಿ ಬಂದಾಗ ನನ್ನ ಹೆಂಡತಿ ಗೌರಮ್ಮ ಹಳೆಯದನ್ನು ಮೂಲೆಯಲ್ಲಿಟ್ಟುಕೊಳ್ಳಲು ಒಪ್ಪಲಿಲ್ಲ. ಅದನ್ನು ಹೊತ್ತು ತಂದು ಮಿಲ್ಲಿನ ಗೋಡೆಗೆ ತೂಗುಹಾಕಿದೆ. ರಾಗಿ ಡಬ್ಬ ಇಟ್ಟುಕೊಂಡು ಸರದಿಗೆ ಕಾಯುವ ಹೆಂಗಸರಿಗೆ ಒಂದು ಉಪಕಾರವಾಗಲಿ ಎನ್ನುವುದು ನನ್ನ ಮನಸ್ಸಿನಲ್ಲಿದ್ದದ್ದು. ಅಲ್ಲಿಯವರೆಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತಿದ್ದರು.

ಮೊದಲ ಕೆಲವು ದಿನ ಯಂತ್ರದ ಸದ್ದಿಗೆ ಸರಿಗಟ್ಟಲಿ ಎಂದು ಟಿವಿಯ ಸದ್ದನ್ನು ಪೂರ್ತಿ ಏರಿಸಿಟ್ಟೆ. ಒಂದು ಮಧ್ಯಾಹ್ನ ಬೆಲ್ಟು ಜಾರಿ ಯಂತ್ರ ಇದ್ದಕ್ಕಿದ್ದಂತೆ ನಿಂತಿತು. ಟಿವಿ ನಿಲ್ಲಲಿಲ್ಲ. ಅದೇ ಹೊತ್ತಿಗೆ ಧಾರಾವಾಹಿಯ ಸೊಸೆ ಗಂಡನ ಕಾಲು ಹಿಡಿದು ಗೋಳೋ ಎಂದು ಅಳುತ್ತಿದ್ದಳು. ಆ ಅಳು ಬಸ್ ನಿಲ್ದಾಣಕ್ಕೆ ಮುಟ್ಟಿ, ಚಾಮರಾಜನಗರಕ್ಕೆ ಹೊರಟಿದ್ದ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ ನನ್ನ ಮಿಲ್ಲಿನ ಕಡೆ ನೋಡಿದರು. ಇಬ್ಬರು ಇಳಿದೂ ಬಂದರು. ಯಾರನ್ನು ಹೊಡೆಯುತ್ತಿದ್ದೀಯೆ ಎಂದು ನನ್ನನ್ನು ವಿಚಾರಿಸಿಕೊಂಡರು. ಅವತ್ತೇ ಸದ್ದನ್ನು ಪೂರ್ತಿ ತೆಗೆದುಬಿಟ್ಟೆ. ಅಂದಿನಿಂದ ಮಿಲ್ಲಿನ ಟಿವಿ ಮೂಕವಾಯಿತು.

ಸದ್ದಿಲ್ಲದೆ ಟಿವಿ ನೋಡಿದವನಿಗೆ ಯಾವ ಕಾರ್ಯಕ್ರಮದ ಯೋಗ್ಯತೆ ಎಷ್ಟು ಎಂದು ಚೆನ್ನಾಗಿ ಗೊತ್ತಾಗುತ್ತದೆ. ನ್ಯೂಸ್ ಪ್ರಯೋಜನವಿಲ್ಲ. ಒಂದೇ ಪರದೆಯಲ್ಲಿ ಚೌಕ ಚೌಕ ಮಾಡಿ ಕೂರಿಸಿದ ಜನ ಎಲ್ಲರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ. ನಾನು ಸರದಿ ತಪ್ಪಿಸಿ ಯಾರದೋ ರಾಗಿ ಮೊದಲು ಹಾಕಿದಾಗ ನನ್ನ ಗಿರಾಕಿಗಳು ಕಾಣುವುದೂ ಹಾಗೆಯೇ. ಅಡುಗೆ ಕಾರ್ಯಕ್ರಮ ಪರವಾಗಿಲ್ಲ, ಆದರೆ ಅವರು ಎಲ್ಲದಕ್ಕೂ ಕೊತ್ತಂಬರಿ ಉದುರಿಸುತ್ತಾರೆ. ಒಂದು ದಿನವಾದರೂ ಒಬ್ಬರು ಮುದ್ದೆ ತಿರುವಿದ್ದನ್ನು ನಾನು ಕಾಣೆ. ಹಾಡಿನ ಸ್ಪರ್ಧೆಯನ್ನು ಮಾತ್ರ ಸದ್ದಿಲ್ಲದೆ ನೋಡಬೇಕು. ಹಾಡುವ ಮಗು ಗೆದ್ದಿತೋ ಸೋತಿತೋ ಎನ್ನುವುದು ಅದರ ತಾಯಿಯ ಸೆರಗು ಕಣ್ಣಿಗೆ ಹೋಗುವ ರೀತಿಯಲ್ಲೇ ತಿಳಿಯುತ್ತದೆ. ಒಮ್ಮೆ ಬದಲಾವಣೆಗೆ ಇರಲಿ ಎಂದು ಕಾಡುಪ್ರಾಣಿಗಳ ಚಾನೆಲ್ ಹಾಕಿದೆ. ಆನೆ ಹಿಂಡು ಬಂತು. ಕಾಯುತ್ತ ಕೂತಿದ್ದ ಕೆಂಪಜ್ಜಿ ಎದ್ದು ಬಂದು ನನ್ನ ಕಿವಿಗೆ ಬಾಯಿಟ್ಟು, ‘ಇದ ನೋಡಾಕ ಟಿವಿ ಬೇಕಾ ಕನಪ್ಪ? ನಮ್ಮ ಒಲಕ್ಕ ಬಾ, ಕೋಸು ತಿನ್ನದ ನಾನೇ ತೋರುಸ್ತೀನಿ’ ಎಂದಳು. ಮತ್ತೆ ಆ ಚಾನೆಲ್ ಹಾಕಲಿಲ್ಲ.

ಇವೆಲ್ಲಕ್ಕಿಂತ ಎತ್ತರದಲ್ಲಿ ನಿಲ್ಲುವುದು ಧಾರಾವಾಹಿ. ಅದನ್ನು ತೆಗೆಯುವವರಿಗೆ ನಾನು ಕೈ ಮುಗಿಯುತ್ತೇನೆ. ಅತ್ತೆ ಒಂದು ಮಾತಾಡಿದರೆ ಸೊಸೆಯ ಮುಖ ತೋರಿಸುತ್ತಾರೆ, ಗಂಡನ ಮುಖ, ನಾದಿನಿಯ ಮುಖ, ಕೊನೆಗೆ ಬಾಗಿಲಲ್ಲಿ ನಿಂತ ಕೆಲಸದವಳ ಮುಖವನ್ನೂ ತೋರಿಸಿ ಮತ್ತೆ ಅತ್ತೆಗೆ ಬರುತ್ತಾರೆ. ಇಷ್ಟು ನಿಧಾನವೇಕೆ ಎಂದು ಓದಿದವರು ನಗುತ್ತಾರೆ. ಕಿವಿಗೆ ಏನೂ ಬೀಳದೆ ನೋಡುವವನ ಕಷ್ಟ ಅವರಿಗೇನು ಗೊತ್ತು? ಮೂರು ಮೂರು ಸಲ ಮುಖ ತೋರಿಸಿದ್ದರಿಂದಲೇ ನನಗೆ ಕಥೆ ತಿಳಿಯುತ್ತಿದ್ದದ್ದು. ಸದ್ದಿಲ್ಲದ ಮೇಲೆ ತಮಿಳು, ಕನ್ನಡ ಎನ್ನುವ ಭೇದವೂ ಇರುವುದಿಲ್ಲ.

ಆದರೂ ಕಣ್ಣಿಗೆ ಸಿಕ್ಕಿದ ಕಥೆಗೆ ಮಾತು ಬೇಕಲ್ಲ. ಅದನ್ನು ಕೊಟ್ಟವಳು ರಾಚಮ್ಮ. ಕೂಲಿ ಕೆಲಸ ಮಾಡುವ ಹೆಂಗಸು, ಮೈಕಟ್ಟು ಸಣ್ಣದು, ಗಂಟಲು ಮಾತ್ರ ದೊಡ್ಡದು. ಕೋಸು ಕೊಯ್ಯುವ ಕೆಲಸ ಬೇಗ ಮುಗಿದ ಮಧ್ಯಾಹ್ನಗಳಲ್ಲಿ ರಾಗಿ ತರುತ್ತಿದ್ದಳು. ತನ್ನ ಹಿಟ್ಟಾದ ಮೇಲೂ ಧಾರಾವಾಹಿ ಮುಗಿಯುವವರೆಗೆ ಏಳುತ್ತಿರಲಿಲ್ಲ. ಹಣೆತುಂಬ ಕುಂಕುಮವಿದ್ದ ಅತ್ತೆಗೆ ದೊಡ್ಡಬೊಟ್ಟಮ್ಮ ಎಂದೂ, ದಿನವೂ ಅಳುವ ಸೊಸೆಗೆ ಕಣ್ಣೀರವ್ವ ಎಂದೂ ಹೆಸರಿಟ್ಟವಳು ಅವಳೇ. ಪರದೆಯ ಮೇಲೆ ಬಾಯಿ ಅಲ್ಲಾಡಿದೊಡನೆ ನನ್ನ ಪಕ್ಕಕ್ಕೆ ಬಂದು, ಎರಡು ಯಂತ್ರಗಳ ಸದ್ದನ್ನೂ ಮೀರಿಸಿ ಕೂಗುತ್ತಿದ್ದಳು.

‘ಅಣ್ಣಾ, ದೊಡ್ಡಬೊಟ್ಟಮ್ಮ ಏನ್ ಕೇಳ್ತಾವ್ಳ ಗೊತ್ತಾ? ಬೆಳಗ್ಗಿಂದ ಒಟ್ಟಗ ಏನಾರ ತಿಂದ್ಯವ್ವ ಅಂತಾವ್ಳ.’

‘ಮತ್ತೆ ಅವಳ್ಯಾಕೆ ಅಳ್ತಾವ್ಳೆ?’ ಎಂದು ನಾನೂ ಕೂಗುತ್ತಿದ್ದೆ.

‘ಉಂಡ್ಯಾ ಅಂತ ಯಾರಾದ್ರೂ ಕೇಳುದ್ರ ಅಳು ಬರಾಕಿಲ್ವಾ?’

ಬರುತ್ತದೆ ಎಂದು ನನಗೂ ಅನ್ನಿಸುತ್ತಿತ್ತು. ರಾಚಮ್ಮನ ಕಥೆಯಲ್ಲಿ ಹೀಗೆ ದೊಡ್ಡಬೊಟ್ಟಮ್ಮ ಮೇಲೆ ಬಿರುಸಾಗಿದ್ದರೂ ಒಳಗೆ ಬಹಳ ಒಳ್ಳೆಯವಳು. ಅರಿಸಿನ ಬೇಯಿಸಿದ್ದಾಯಿತೇ, ಬಾವಿ ಮೋಟರು ರಿಪೇರಿಯಾಯಿತೇ ಎಂದು ರೇಷ್ಮೆ ಸೀರೆ ಉಟ್ಟುಕೊಂಡೇ ವಿಚಾರಿಸುತ್ತಿದ್ದಳು. ಅಂಥ ಬಂಗಲೆಯಲ್ಲಿ ಅರಿಸಿನ ಎಲ್ಲಿ ಬೇಯಿಸುತ್ತಾರೆ ಎಂದು ನಾನಾಗಲಿ, ಉಳಿದ ಹೆಂಗಸರಾಗಲಿ ಎಂದೂ ಕೇಳಲಿಲ್ಲ.

ತೊಂದರೆ ಶುರುವಾದದ್ದು ಮನೆಯಲ್ಲಿ. ಹೊಸ ಟಿವಿಗೆ ಸದ್ದು ಕಡಿಮೆ, ಕಂಪನಿಯವರು ಮೋಸ ಮಾಡಿದ್ದಾರೆ ಎಂದು ನಾನು ಆಗಾಗ ಗೊಣಗುತ್ತಿದ್ದೆ. ‘ಟಿವಿಗಲ್ಲ, ನಿಮ್ಗೇ ಏನೋ ಆಗಿರದು’ ಎಂದು ಗೌರಮ್ಮ ಹೇಳುತ್ತಿದ್ದಳಂತೆ. ಅದೂ ನನಗೆ ಕೇಳಿಸಿರಲಿಲ್ಲ. ಅವಳು ಏನು ಹೇಳಿದರೂ ಮುಖ ನೋಡಿ, ಮಾತು ಮುಗಿಯಿತು ಅನ್ನಿಸಿದಾಗ ‘ಹೂಂ’ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೆ. ಸಂಸಾರ ಬಹಳ ಸುಗಮವಾಗಿ ನಡೆಯುತ್ತಿತ್ತು. ಒಂದು ಸಂಜೆ ಮನೆಗೆ ಹೋದರೆ ನಾನು ಮಲಗುವ ಬೀಟೆ ಮಂಚವೇ ಇಲ್ಲ. ಹಾಸನೂರಿನ ತನ್ನ ಅಣ್ಣನ ಮಗಳ ಬಾಣಂತನಕ್ಕೆ ಮಂಚ ಕಳಿಸಲೇ ಎಂದು ಬೆಳಿಗ್ಗೆ ಅವಳು ಕೇಳಿದ್ದಳು. ನಾನು ಹೂಂ ಎಂದಿದ್ದೆ. ‘ಬಾಳ ಒಳ್ಳೇ ಮನಸು ನಿಮ್ದು ಅಂತ ನಮ್ಮಣ್ಣ ಕಣ್ಣೀರಾಕ್ದ’ ಎಂದಳು. ಅಷ್ಟು ಹೊಗಳಿಕೆಯಾದ ಮೇಲೆ ಮಂಚವನ್ನು ವಾಪಸ್ ಕೇಳುವುದು ಹೇಗೆ? ಚಾಪೆಯ ಮೇಲೆ ಮಲಗಿ, ಸೊಂಟಕ್ಕೆ ಇದೇ ಒಳ್ಳೆಯದು ಎಂದೆ.

ನಗುವ ಮಾತು ಅಲ್ಲಿಗೆ ನಿಲ್ಲಬೇಕಾಯಿತು. ಒಂದು ಮಧ್ಯಾಹ್ನ ನಾನು ಯಂತ್ರಕ್ಕೆ ರಾಗಿ ಸುರಿದು, ಅದಕ್ಕೆ ಬೆನ್ನು ಮಾಡಿ ಟಿವಿ ನೋಡುತ್ತ ನಿಂತಿದ್ದೆ. ಕಣ್ಣೀರವ್ವನ ಮದುವೆಯ ವಾರ್ಷಿಕೋತ್ಸವವೋ ಏನೋ ನಡೆಯುತ್ತಿತ್ತು, ಮನೆತುಂಬ ದೀಪ. ಇದ್ದಕ್ಕಿದ್ದಂತೆ ಯಂತ್ರ ನಿಂತಿತು. ಕರೆಂಟು ಹೋಯಿತೇನೋ ಎಂದುಕೊಂಡೆ. ಆದರೆ ಮಿಲ್ಲಿನ ದೀಪ ಉರಿಯುತ್ತಿತ್ತು, ಟಿವಿಯೂ ಇತ್ತು. ತಿರುಗಿ ನೋಡಿದರೆ ಎಲ್ಲ ಹೆಂಗಸರೂ ಎದ್ದು ನಿಂತು ನನ್ನ ಕಡೆಗೆ ಬಾಯಿ ತೆರೆದು ಏನೋ ಹೇಳುತ್ತಿದ್ದಾರೆ. ಮೋಟರಿನ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತ ರಾಚಮ್ಮನ ಮುಖದಲ್ಲಿ ರಕ್ತವಿಲ್ಲ. ಕೆಳಗೆ, ಬೆಲ್ಟಿನ ಪಕ್ಕದಲ್ಲಿ ಕೆಂಪಜ್ಜಿ ಕುಸಿದು ಕೂತಿದ್ದಳು. ಅವಳ ಸೆರಗಿನ ಅರ್ಧ ಬೆಲ್ಟಿನೊಳಗೆ ಸುತ್ತಿಕೊಂಡಿತ್ತು. ಉರುಳಿಹೋದ ಡಬ್ಬದ ಮುಚ್ಚಳ ತೆಗೆದುಕೊಳ್ಳಲು ಬಗ್ಗಿದ್ದಳಂತೆ, ಸೆರಗು ಸಿಕ್ಕಿಕೊಂಡಿತಂತೆ. ನಾನು ಮಾರು ದೂರದಲ್ಲಿದ್ದೆ.

ಅಜ್ಜಿಗೆ ಏನೂ ಆಗಿರಲಿಲ್ಲ. ನೀರು ಕುಡಿಸಿ ಜಗಲಿಯ ಮೇಲೆ ಕೂರಿಸಿದೆವು. ಅವಳು ನನ್ನನ್ನು ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡು, ‘ಕೂಗ್ದೆ ಕನಪ್ಪ. ಬಾಳ ಕೂಗ್ದೆ. ನೀ ತಿರುಗ್ನೇ ಇಲ್ಲ’ ಎಂದಳು. ಯಂತ್ರ ನಿಂತಿದ್ದ ಆ ಹೊತ್ತಿನಲ್ಲೂ, ಮುಖಕ್ಕೆ ಮುಖ ಕೊಟ್ಟು ಅವಳು ಆಡಿದ ಆ ಮಾತನ್ನು ನಾನು ತಿಳಿದುಕೊಂಡದ್ದು ಅರ್ಧ ತುಟಿ ನೋಡಿಯೇ. ಉಳಿದವರ ಹಾಗೆ ನನ್ನನ್ನು ಕೂಗುತ್ತ ನಿಲ್ಲದೆ ರಾಚಮ್ಮ ನೇರವಾಗಿ ಸ್ವಿಚ್ಚಿಗೆ ಓಡದಿದ್ದರೆ ಏನಾಗುತ್ತಿತ್ತೋ. ಮಾರನೆಯ ದಿನವೇ ಬೆಲ್ಟಿಗೆ ಕಬ್ಬಿಣದ ಜಾಲರಿ ಹಾಕಿಸಿದೆ. ಯಂತ್ರಕ್ಕೂ ಜನ ಕೂರುವ ಜಾಗಕ್ಕೂ ನಡುವೆ ಹಲಗೆಯ ಗೋಡೆ ಕಟ್ಟಿಸಿದೆ. ಗೌರಮ್ಮ ಅಜ್ಜಿಗೆ ಹೊಸ ಸೀರೆ ಕೊಟ್ಟು ಬಂದಳು. ಬಂದವಳೇ ನನ್ನ ಎದುರಿಗೆ ಕೂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: ‘ನಾಳ ಸತ್ಯಮಂಗಲಕ್ಕ ಓಗಮ. ಇದಕ್ಕ ಹೂಂ ಅನ್ನಿ.’ ಅಂದೆ. ಈ ಸಲ ತಿಳಿದೇ ಅಂದೆ.

ದಿಂಬಂ ಘಾಟಿ ಇಳಿಯುವಾಗ ತಿರುವುಗಳಲ್ಲಿ ನನ್ನ ಕಿವಿ ಪಟಪಟ ಎಂದಿತು. ನೋಡು, ತಾನಾಗಿಯೇ ತೆರೆದುಕೊಂಡಿತು, ಇಲ್ಲೇ ಇಳಿದು ವಾಪಸ್ ಹೋಗೋಣ ಎಂದೆ. ಗೌರಮ್ಮ ಉತ್ತರ ಕೊಟ್ಟಳೋ ಇಲ್ಲವೋ, ನಾನು ಕಿಟಕಿಯ ಕಡೆ ತಿರುಗಿದ್ದೆ. ಸತ್ಯಮಂಗಲದ ಕಿವಿ ಡಾಕ್ಟರು ನನ್ನನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಏನೋ ತೊಡಿಸಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಗಾಜಿನ ಆಚೆ ಒಬ್ಬ ಹುಡುಗಿ ಯಂತ್ರದ ಮುಂದೆ ಕೂತಿದ್ದಳು. ಸದ್ದು ಕಳಿಸುವಾಗ ಅವಳ ಹುಬ್ಬು ಒಂದಿಷ್ಟು ಮೇಲೇರುತ್ತಿತ್ತು. ವರ್ಷಗಟ್ಟಲೆ ಧಾರಾವಾಹಿ ನೋಡಿದವನಿಗೆ ಒಂದು ಹುಬ್ಬು ಎಷ್ಟರದು? ಹುಬ್ಬು ಏರಿತು, ಒತ್ತಿದೆ. ಮತ್ತೆ ಏರಿತು, ಮತ್ತೆ ಒತ್ತಿದೆ. ಫಲಿತಾಂಶ ನೋಡಿದ ಡಾಕ್ಟರು ನನ್ನನ್ನು ದಿಟ್ಟಿಸಿ, ಇಷ್ಟು ಚೆನ್ನಾಗಿ ಕೇಳಿಸುವವರು ಏಕೆ ಬಂದಿರಿ ಎಂದರಂತೆ. ನಾನು ‘ಹೂಂ’ ಎಂದೆ. ಅವರು ಒಳಗೆ ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದರು. ಗೋಡೆಗೆ ಹುಬ್ಬಿರಲಿಲ್ಲ. ಒಂದು ಸಲವೂ ಗುಂಡಿ ಒತ್ತಲಿಲ್ಲ, ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡು ಕೂತೇ ಇದ್ದೆ. ‘ನೀಂಗ ಕಾದಾಲ ಇಲ್ಲ ಅಯ್ಯಾ, ಕಣ್ಣಾಲ ಕೇಕ್ಕುರೀಂಗ’ ಎಂದು ಅವರು ತಮಿಳಿನಲ್ಲಿ ಹೇಳಿ ನಕ್ಕರು. ಕಿವಿಯಿಂದಲ್ಲ, ಕಣ್ಣಿನಿಂದ ಕೇಳುತ್ತಿದ್ದೀರಿ ಎಂದು. ಮಿಲ್ಲಿನ ಸದ್ದು ತಿಂದುಹಾಕಿದ ಕಿವಿಯಿದು, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಕಿವಿಗಿಡುವ ಯಂತ್ರ ಬರೆದುಕೊಟ್ಟರು. ಮಿಲ್ಲು ಓಡುವಾಗ ಅದನ್ನು ತೆಗೆದು, ಸದ್ದು ತಡೆಯುವ ದಪ್ಪ ಮುಚ್ಚಳಗಳನ್ನು ಹಾಕಿಕೊಳ್ಳಬೇಕು ಎಂದರು.

ಕಿವಿಯ ಯಂತ್ರ ಸಿದ್ಧವಾದ ಮೇಲೆ ಮತ್ತೊಮ್ಮೆ ಇಳಿದು, ಹಾಕಿಸಿಕೊಂಡು ಘಾಟಿ ಹತ್ತಿದೆವು. ದಿಂಬಂನಲ್ಲಿ ಬಸ್ಸು ನಿಂತಾಗ ಟೀ ಅಂಗಡಿಗೆ ಹೋದೆ. ಲೋಟಕ್ಕೆ ಚಮಚ ತಗಲುವುದು, ಒಲೆಯ ಮೇಲೆ ಹಾಲು ಸುಯ್ಯೆಂದು ಏರುವುದು, ಎಲ್ಲ ಕೇಳಿಸಿತು. ನನ್ನ ಪಕ್ಕದಲ್ಲಿ ಯಾರೋ ಬಹಳ ಮೆಲ್ಲಗೆ ಹಾಡು ಗುನುಗುತ್ತಿದ್ದರು. ತಿರುಗಿ ನೋಡಿದರೆ ಗೌರಮ್ಮ. ‘ಯಾವಾಗಿಂದ ಹಾಡ್ತಿದ್ದೀಯೆ?’ ಎಂದೆ. ಅವಳು ನಾಚಿಕೊಂಡು, ‘ದಿನಾಲೂ ಆಡ್ತೀನಿ. ನಿಮ್ಗ ಕೇಳಾಕಿಲ್ಲ ಅಂತ ಧೈರ್ಯ ಇತ್ತು’ ಎಂದಳು. ತಾಳವಾಡಿ ಮುಟ್ಟುವವರೆಗೆ ಅವಳು ಮಾತಾಡುತ್ತಲೇ ಬಂದಳು. ನಾನು ನಡುನಡುವೆ ಪ್ರಶ್ನೆ ಕೇಳಿದೆ. ಪ್ರಶ್ನೆ ಕೇಳಿದ್ದಕ್ಕೇ ಅವಳಿಗೆ ಸಂತೋಷವಾಗಿತ್ತು. ಅದನ್ನು ಅರಿಯಲು ನನಗೆ ಯಂತ್ರ ಬೇಕಿರಲಿಲ್ಲ, ಮುಖ ನೋಡಿದರೆ ಸಾಕಿತ್ತು.

ಇಷ್ಟಾದ ಮೇಲೆ ನನಗೆ ಒಂದೇ ಆಸೆ. ನಾನು ಇಷ್ಟು ವರ್ಷ ಮೆಚ್ಚಿದ ದೊಡ್ಡಬೊಟ್ಟಮ್ಮನ ದನಿ ಕೇಳಬೇಕು, ಅದೂ ಮಿಲ್ಲಿನ ಹೆಂಗಸರ ಜೊತೆಯಲ್ಲಿ. ಎರಡೂ ಯಂತ್ರಗಳನ್ನು ಓಡಿಸುವ ಮೋಟರು ಸುಟ್ಟು, ತಂತಿ ಸುತ್ತಿಸಲು ಹೋದ ದಿನ ಆ ಯೋಗ ಬಂತು. ವಿಷಯ ತಿಳಿಯದೆ ರಾಗಿ ತಂದಿದ್ದವರೆಲ್ಲ ಧಾರಾವಾಹಿ ನೋಡಿಕೊಂಡೇ ಹೋಗೋಣ ಎಂದು ಕೂತರು. ಕೆಂಪಜ್ಜಿ ಹೊಸ ಸೀರೆಯಲ್ಲಿ ಬಂದಿದ್ದಳು. ರಾಚಮ್ಮನೂ ಇದ್ದಳು. ನಾನು ದೊಡ್ಡ ಉಪಕಾರ ಮಾಡುವವನ ಹಾಗೆ ಎದ್ದು ಹೋಗಿ ಟಿವಿಗೆ ಸದ್ದು ಕೊಟ್ಟೆ.

ಕಣ್ಣೀರವ್ವ ಮೆಟ್ಟಿಲ ಮೇಲೆ ನಿಂತಿದ್ದಳು. ದೊಡ್ಡಬೊಟ್ಟಮ್ಮ ಎದುರಿಗೆ ಬಂದಳು, ಬಾಯಿ ತೆರೆದಳು. ‘ನಿನ್ನನ್ನು ಈ ಮನೆಯಿಂದ ಬೀದಿಗೆ ತಳ್ಳದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ’ ಎಂದಳು. ದನಿ ತಗಡಿನ ಮೇಲೆ ಮೊಳೆ ಎಳೆದ ಹಾಗಿತ್ತು. ಹಿಂದೆಯೇ ಗುಡುಗಿನ ಸದ್ದು. ಸೊಸೆಯದು ಎಲ್ಲಿಂದಲೋ ತಂದು ಅಂಟಿಸಿದ ಎಳೆಮಗುವಿನ ದನಿ. ಅದಾದ ಮೇಲೆ ಮತ್ತೆ ಗುಡುಗು. ಊಟದ ವಿಚಾರವಿಲ್ಲ, ಅರಿಸಿನದ ವಿಚಾರವಿಲ್ಲ. ನಾನು ರಾಚಮ್ಮನ ಕಡೆ ನೋಡಿದೆ. ಅವಳು ಒಂದಿಷ್ಟೂ ಕಂಗೆಡಲಿಲ್ಲ.

‘ಅವ್ಳ ಬಾಯಿ ಸರಿಯಿಲ್ಲ ಕನಣ್ಣ, ಅಷ್ಟೇಯ. ಮೊಕ ನೋಡಿ, ಬೆಳಗ್ಗಿಂದ ಉಂಡಿಲ್ಲ ಅವ್ಳೂವ.’

‘ಆ ಸದ್ದ ತಗುದ್ಬುಡಪ್ಪ, ತಲ ನೋಯ್ತದ’ ಎಂದಳು ಕೆಂಪಜ್ಜಿ. ಉಳಿದವರೂ ಹೌದು ಹೌದು ಎಂದರು. ತೆಗೆದೆ. ಮಿಲ್ಲು ನಿಶ್ಶಬ್ದವಾಯಿತು. ರಾಚಮ್ಮ ಎಂದಿನಂತೆ ಕಥೆ ಶುರುಮಾಡಿದಳು. ಯಂತ್ರದ ಸದ್ದಿಲ್ಲದೆ, ನನ್ನ ಕಿವಿಯಲ್ಲಿ ಹೊಸ ಯಂತ್ರವಿದ್ದು, ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು. ಅದು ಕೂಗುವವಳ ದನಿಯೇ ಅಲ್ಲ. ಮೆತ್ತಗೆ, ಸ್ವಲ್ಪ ಒಡೆದ, ಮಗುವನ್ನು ಮಲಗಿಸುವವರಿಗಿರುವಂಥ ದನಿ.

‘ಇಷ್ಟು ಮೆಲ್ಲಗೆ ಮಾತಾಡೋಳು ನೀನು, ಇಷ್ಟು ವರ್ಷ ಅಷ್ಟು ಜೋರಾಗಿ ಯಾಕೆ ಕೂಗ್ತಿದ್ದೆ? ಇವರಿಗೆಲ್ಲ ಕಥೆ ತಿಳೀಲಿ ಅಂತಾನಾ?’ ಎಂದೆ.

ಅವಳು ಉಳಿದವರ ಮುಖ ನೋಡಿದಳು. ಹೇಳು ಎನ್ನುವಂತೆ ಅಜ್ಜಿ ತಲೆಯಾಡಿಸಿದಳು.

‘ಇವ್ರ್ಗೆಲ್ಲ ಮನೇಲಿ ಟಿವಿ ಅದ ಕನಣ್ಣ. ರಾತ್ರನೇ ನೋಡಿರ್ತಾರ. ನಿಮ್ಗ ಕಿವಿ ಕೇಳಾಕಿಲ್ಲ ಅಂತ ನಮ್ಗೆಲ್ಲ ಗೊತ್ತಿತ್ತು. ಬಾಯ್ಬುಟ್ಟು ಯೋಳುದ್ರ ನೊಂದ್ಕತೀರಿ. ಒಬ್ರೇ ನಿಂತ್ಕಂಡು ಸುಮ್ನ ಆ ಪೆಟ್ಗ ನೋಡ್ತಾ ಇರೋರು. ಪಾಪ ಅಂತ ಕತ ಯೋಳ್ತಿದ್ದೊ.’

ಅವರಿಗೆ ಉಪಕಾರವಾಗಲಿ ಎಂದು ನಾನು ಗೋಡೆಗೆ ಟಿವಿ ತೂಗುಹಾಕಿದ್ದೆ. ನನಗೆ ಉಪಕಾರವಾಗಲಿ ಎಂದು ಅವರು ಅದರ ಮುಂದೆ ಕೂರುತ್ತಿದ್ದರು. ಹಿಟ್ಟಾದ ಮೇಲೂ ಏಳದೆ, ನೋಡಿದ್ದನ್ನೇ ಮತ್ತೆ ನೋಡುತ್ತ, ಗಂಟಲು ಹರಿದುಕೊಂಡು ಕಥೆ ಹೇಳುತ್ತ. ಅದೂ ಇದ್ದ ಕಥೆಯನ್ನಲ್ಲ. ನಿಜವಾದ ಮಾತು ಗೊತ್ತಿದ್ದೂ, ಅದು ಚೆನ್ನಾಗಿಲ್ಲವೆಂದು ಬೇರೆಯದನ್ನು ಹೊಸೆದು ನನಗೆ ಕೊಟ್ಟಿದ್ದರು. ಹೊರಗೆ ಹೋಗಿ ಎಲ್ಲರಿಗೂ ಟೀ ಹೇಳಿ ಬಂದೆ. ಬರುವಾಗ ಕಣ್ಣೊರೆಸಿಕೊಂಡದ್ದನ್ನು ಖಾರದಪುಡಿಯ ಮೇಲೆ ಹಾಕಿದೆ. ಅವತ್ತು ಯಾವ ಯಂತ್ರವೂ ಓಡಿರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ಅವರು ಅದನ್ನೂ ಎತ್ತಿ ಆಡಲಿಲ್ಲ.

ಹೋದ ತಿಂಗಳು ರಾಚಮ್ಮ ಶುಂಠಿ ಕೀಳುವ ಕೆಲಸಕ್ಕೆಂದು ಆಚೆ ಕರ್ನಾಟಕದ ಕಡೆ ಹೋದಳು. ‘ಈಗ ನಿಂಗ ಕಿವಿ ಕೇಳ್ತದಲ್ಲ, ಕತ ನೀನೇ ಯೋಳಪ್ಪ’ ಎಂದು ಅಜ್ಜಿ ಅಪ್ಪಣೆ ಮಾಡಿದಳು. ನಾನು ಹೆಮ್ಮೆಯಿಂದ ಒಪ್ಪಿಕೊಂಡೆ. ಮನೆಯಲ್ಲಿ ಸಂಜೆ ಕಿವಿಯ ಯಂತ್ರ ಹಾಕಿಕೊಂಡು ಧಾರಾವಾಹಿಯ ಒಂದೊಂದು ಮಾತನ್ನೂ ಗಮನವಿಟ್ಟು ಕೇಳಿ, ಮಾರನೆಯ ಮಧ್ಯಾಹ್ನ ಹಲಗೆಯ ಗೋಡೆಯ ಈಚೆ ಕೂತು ಅಕ್ಷರ ಬಿಡದೆ ಒಪ್ಪಿಸಿದೆ. ಯಾರಿಗೂ ರುಚಿಸಲಿಲ್ಲ. ‘ಇದೇನಪ್ಪ, ಟಿವಿಲಿ ಬಂದುದ್ನೇ ಯೋಳ್ತೀಯಲ್ಲ’ ಎಂದಳು ಅಜ್ಜಿ. ಸರಿ, ನಾನೂ ಹೊಸೆಯೋಣ ಎಂದು ಮಾರನೆಯ ದಿನ ದೊಡ್ಡಬೊಟ್ಟಮ್ಮನ ಬಾಯಲ್ಲಿ, ಊಟವಾಯಿತೇ ಎಂದು ಕೇಳಿಸಿದೆ.

‘ಏನ್ ಸಾರು?’ ಎಂದಳು ಅಜ್ಜಿ.

ಅಷ್ಟು ಮುಂದಾಲೋಚನೆ ನಾನು ಮಾಡಿರಲಿಲ್ಲ. ಬಾಯಿಗೆ ಬಂದ ಹಾಗೆ ಹುರುಳಿ ಸಾರು ಎಂದೆ.

‘ನೆನ್ನ ತಾನೆ ಆ ಮನೇಲಿ ಮದ್ವ ಆಗದ. ಮದ್ವ ಮನ ಬೀಗ್ರಿಗ ಯಾರಾದ್ರೂ ಉರುಳಿ ಸಾರು ಮಾಡಾರಾ?’

ಕಾಯುತ್ತಿದ್ದ ಹೆಂಗಸರೆಲ್ಲ ನಕ್ಕರು. ನಾನು ಬೇಡುವ ದನಿಯಲ್ಲಿ, ಹೋಗಲಿ ಪಾಯಸವೂ ಇತ್ತು ಎಂದೆ. ಅಜ್ಜಿ ನನ್ನ ಮೊಣಕಾಲು ತಟ್ಟಿ, ‘ಬುಡಪ್ಪ, ಕಷ್ಟಪಡ್ಬ್ಯಾಡ. ಕೇಳದೇನೋ ಕಲ್ತ್ಕಂಡ್ ಬಂದಿದ್ದೀಯ. ಯೋಳದ ರಾಚಿ ಬಂದ್ಮ್ಯಾಲ ಕಲಿ’ ಎಂದಳು. ಶುಂಠಿ ಕಿತ್ತು ಮುಗಿಯುವುದನ್ನು ಈಗ ಮಿಲ್ಲಿಗೆ ಮಿಲ್ಲೇ ಕಾಯುತ್ತಿದೆ, ಎಲ್ಲರಿಗಿಂತ ಹೆಚ್ಚಾಗಿ ನಾನು.